ಸರದಿಯ ಹತ್ತೊಂಬತ್ತು, ಕಣ್ಣಿನ ಹತ್ತೊಂಬತ್ತು

ಹೋದ ತಿಂಗಳ ಮೊದಲ ಮಂಗಳವಾರ ನನ್ನ ದನಿ ಹತ್ತೊಂಬತ್ತನೇ ನಂಬರಿನವರನ್ನು ಮೂರು ಸಲ ಕರೆಯಿತು. ಹತ್ತೊಂಬತ್ತನೇ ನಂಬರಿನವರು ನನ್ನ ಪಕ್ಕದಲ್ಲೇ ಕುಳಿತಿದ್ದರು. ಏಳಲಿಲ್ಲ.

ನಾನು ಕರೆದೆ ಅನ್ನಲಿಲ್ಲ, ನನ್ನ ದನಿ ಕರೆಯಿತು ಅಂದೆ. ಗಮನಿಸಿದಿರಾ? ನನ್ನ ಬಾಯಿ ಮುಚ್ಚಿಯೇ ಇತ್ತು. ದನಿ ಗೋಡೆಯ ಮೇಲಿನ ಸ್ಪೀಕರಿನಿಂದ ಬರುತ್ತಿತ್ತು. ಖಾನಾಪುರದ ಒಂದು ಧರ್ಮಾರ್ಥ ದವಾಖಾನೆಯಲ್ಲಿ ಅವತ್ತಿಗೆ ಎಂಟು ತಿಂಗಳಿಂದ ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಮಾತಾಡುತ್ತಲೇ ಇದ್ದೆ. (ದವಾಖಾನೆಯ ಹೆಸರು ಬೇಡ. ತಪ್ಪು ಅವರದಲ್ಲ. ಓದುತ್ತ ಹೋದರೆ ಯಾರದು ಅಂತ ನಿಮಗೇ ಗೊತ್ತಾಗುತ್ತದೆ.)

ಆ ದವಾಖಾನೆಯಲ್ಲಿ ಎರಡು ಖೋಲಿ. ಒಂದರಲ್ಲಿ ಜ್ವರ, ಕೆಮ್ಮು, ಮೈಕೈ ನೋವು ನೋಡುವ ಡಾಕ್ಟರು ದಿನಾ ಇರುತ್ತಾರೆ. ಇನ್ನೊಂದಕ್ಕೆ ತಿಂಗಳ ಮೊದಲ ಮಂಗಳವಾರ ಬೆಳಗಾವಿಯಿಂದ ಕಣ್ಣಿನ ಡಾಕ್ಟರು ಬರುತ್ತಾರೆ. ಎರಡಕ್ಕೂ ಸೇರಿ ಒಂದೇ ಸಾಲಿನ ನಂಬರ್. ಮೊದಲೆಲ್ಲ ಮಾರುತಿ ಎಂಬ ಸಿಪಾಯಿ ಬಾಗಿಲಲ್ಲಿ ನಿಂತು ಕನ್ನಡ, ಮರಾಠಿ, ಉರ್ದು ಮೂರನ್ನೂ ಕಲಸಿ ಕೂಗುತ್ತಿದ್ದ. ಕೂಗಿದರೂ ಏಳದವರ ಹತ್ತಿರ ಹೋಗಿ ಭುಜ ಅಲುಗಿಸುತ್ತಿದ್ದ. ಆಮೇಲೆ ಟೋಕನ್ ಮಷಿನ್ ಬಂತು. ಕೆಂಪು ಅಂಕಿ ಹೊಳೆಯುವ ಬೋರ್ಡ್ ಬಂತು. ಮಾರುತಿಯನ್ನು ಔಷಧಿ ಕೊಡುವ ಕಿಟಕಿಗೆ ಹಾಕಿದರು.

ಬೋರ್ಡ್ ಕಾಣದವರು ಏನು ಮಾಡಬೇಕು?

ಇದನ್ನು ಕೇಳಿದವಳು ಸ್ಮಿತಾ. ಆ ಮಷಿನ್ ಕೂಡಿಸಿದ ಇಂಜಿನಿಯರ್ ಹುಡುಗಿ, ಬೆಳಗಾವಿಯ ಶಹಾಪುರದಲ್ಲಿ ನಮ್ಮ ಓಣಿಯವಳೇ. ಕಣ್ಣು ತೋರಿಸಲು ಬಂದವರ ಮುಂದೆ ಓದುವ ಬೋರ್ಡ್ ಇಟ್ಟರೆ ಹೇಗೆ ಆಂಟಿ, ಮಾತಾಡುವ ದನಿಯೂ ಬೇಕು ಅಂದಳು. ಆ ದನಿ ನಿಮ್ಮದೇ ಇರಲಿ ಅಂತಲೂ ಅಂದಳು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನವೆಂಬರ್ ಬಂತೆಂದರೆ ಓಣಿಯ ನಾಲ್ಕು ಕಾರ್ಯಕ್ರಮಗಳ ನಿರೂಪಣೆ ನನ್ನ ಪಾಲಿಗೆ. ದನಿ ಚೆನ್ನಾಗಿದೆ ಅಂತ ಯಾರಾದರೂ ಅಂದರೆ ಬೇಡ ಅನ್ನುವಷ್ಟು ದೊಡ್ಡತನ ನನ್ನಲ್ಲಿಲ್ಲ.

ಒಂದು ಭಾನುವಾರ ನಮ್ಮ ಮನೆಯಲ್ಲೇ ರೆಕಾರ್ಡಿಂಗ್. ಫ್ಯಾನ್ ಬಂದ್, ಫ್ರಿಜ್ ಬಂದ್. ಕಿಟಕಿಗಳಿಗೆ ಕೌದಿ ಇಳಿಬಿಟ್ಟೆವು. ಕುಕ್ಕರ್ ಏರಿಸಬಾರದು ಅಂತ ಅವತ್ತು ನಮ್ಮ ಮನೆಯವರಿಗೆ ಬೆಳಗಿನ ಅವಲಕ್ಕಿಯೇ ಮಧ್ಯಾಹ್ನದ ಊಟ. ಆದರೂ ರದ್ದಿ ಪೇಪರಿನವನು ಮೂರು ಸಲ ಓಣಿಯಲ್ಲಿ ಹಾದು ಹೋದ, ಮೂರು ಸಲ ಮೊದಲಿನಿಂದ ಓದಿದೆ. ಕೆಲಸಕ್ಕೆ ಬರುವ ಶಾಂತವ್ವನಿಗೆ ಸಪ್ಪಳ ಮಾಡದ ಕೆಲಸ ಕೊಡಬೇಕಲ್ಲ, ಮೆಂತ್ಯೆ ಪಲ್ಲೆ ಸೋಸಲು ಕೂಡಿಸಿದ್ದೆ.

ಸ್ಮಿತಾ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆದು ತಂದಿದ್ದಳು. ಕನ್ನಡ ಮಾಡಿದವಳು ನಾನು. "ಸರದಿ ಸಂಖ್ಯೆ ಹತ್ತೊಂಬತ್ತು. ದಯವಿಟ್ಟು ಕೊಠಡಿ ಸಂಖ್ಯೆ ಎರಡಕ್ಕೆ ತೆರಳಿರಿ." ಓದಿ ನೋಡಿ. ಎಷ್ಟು ನೆಟ್ಟಗಿದೆ. ಇಸ್ತ್ರಿ ಮಾಡಿದ ಹಾಗಿದೆ. ನನಗೂ ಹಾಗೇ ಅನಿಸಿತ್ತು.

ಶಾಂತವ್ವ ಪಲ್ಲೆಯಿಂದ ತಲೆ ಎತ್ತದೆ ಸರದಿ ಅಂದರೆ ಏನು ಅಂತ ಕೇಳಿದಳು. ಒಬ್ಬರಾದ ಮೇಲೆ ಒಬ್ಬರು ಹೋಗುವುದು ಅಂದೆ.

"ಹಂಗಾರ ಪಾಳಿ ಅನ್ರಲಾ ಬಾಯಾರ."

ಸ್ಮಿತಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳ ಮನೆಮಾತು ಮರಾಠಿ. ಅದರಲ್ಲಿ ಪಾಳಿ ಅಂದರೆ ಸರದಿಯೂ ಹೌದು, ಹೆಂಗಸರ ತಿಂಗಳ ತೊಂದರೆಯೂ ಹೌದು. ನನಗೆ ಅಷ್ಟು ಸಾಕಾಯಿತು. ಮಂದಿ ನಕ್ಕರೆ? ಒಂದು ದವಾಖಾನೆ ಅಂದ ಮೇಲೆ ಅದಕ್ಕೊಂದು ಭಾಷೆಯ ಮರ್ಯಾದೆ ಬೇಡವೇ? ಶಾಂತವ್ವಾ, ಅದು ಸಂತಿ ಅಲ್ಲ, ಚೊಲೋ ಕನ್ನಡ ಇರಲಿ ಅಂದೆ. ಅವಳು ಮತ್ತೆ ಪಲ್ಲೆಗೆ ತಲೆ ಹಾಕಿದಳು.

ಹೊರಡುವಾಗ ಸ್ಮಿತಾ ಇನ್ನೊಂದು ಮಾತು ಹೇಳಿದಳು. ಒಂದು ದಿನ ಖಾನಾಪುರಕ್ಕೆ ಹೋಗಿ, ಅಲ್ಲಿ ಕುಳಿತ ನಾಲ್ಕು ಮಂದಿಗೆ ಇದನ್ನು ಕೇಳಿಸಿ, ತಿಳಿಯಿತೇ ಅಂತ ಕೇಳಿ, ಆಮೇಲೆ ಕೂಡಿಸೋಣ ಆಂಟಿ ಅಂತ. ಅವಳ ಓದಿನಲ್ಲಿ ಹಾಗೆ ಮಾಡಬೇಕೆಂದು ಕಲಿಸುತ್ತಾರಂತೆ. ಆ ವಾರ ನನಗೆ ಪರೀಕ್ಷೆಯ ಪೇಪರುಗಳ ಗಂಟಿತ್ತು, ಮಾಳಿಗೆಯ ಮೇಲೆ ಸಂಡಿಗೆ ಹಾಕುವುದಿತ್ತು. ಕನ್ನಡದವರಿಗೆ ಕನ್ನಡ ಕೇಳಿಸಿ ಪರೀಕ್ಷೆ ಮಾಡಬೇಕೇನವ್ವಾ ಅಂತ ನಕ್ಕುಬಿಟ್ಟೆ. ಹಿರಿಯರ ಮಾತು ಅಂತ ಅವಳು ಸುಮ್ಮನಾದಳು.

ಸಂಡಿಗೆ ಚೆನ್ನಾಗಿ ಒಣಗಿದವು. ಡಬ್ಬಿಯಲ್ಲಿ ಇನ್ನೂ ಇವೆ.

ಈಗ ಆ ಮಂಗಳವಾರಕ್ಕೆ ಬರುತ್ತೇನೆ. ನಾನು ಹೋದದ್ದು ಚಾಳೀಸಿನ ನಂಬರ್ ತೋರಿಸುವ ನೆಪದಲ್ಲಿ. ನೆಪ ಅಂತ ಯಾಕೆ ಅಂದೆ? ಬೆಳಗಾವಿಯಲ್ಲಿ ಕಣ್ಣಿನ ಡಾಕ್ಟರಿಗೆ ಬರವೇ? ಖರೇ ಹೇಳಬೇಕೆಂದರೆ ನನ್ನ ದನಿ ಅಲ್ಲಿ ಹೇಗೆ ಕೇಳುತ್ತದೆ ಅಂತ ನೋಡುವ ಆಸೆ. ಎಂಟು ತಿಂಗಳು ತಡೆದದ್ದೇ ಹೆಚ್ಚು. ಖಾನಾಪುರ ನನ್ನ ತವರು ಬೇರೆ, ಅಣ್ಣನ ಮನೆಯಲ್ಲಿ ಉಂಡು ಸಂಜೆಯ ಬಸ್ಸಿಗೆ ಬಂದರಾಯಿತು ಅಂದುಕೊಂಡೆ.

ಬೆಂಚಿನ ತುದಿಯಲ್ಲಿ ಒಂದಿಷ್ಟು ಜಾಗವಿತ್ತು. ಸ್ವಲ್ಪ ಸರೀರಿ ಅಂದೆ. ಅಷ್ಟಕ್ಕೇ ಪಕ್ಕದ ಮುದುಕರು ಮುಖ ತಿರುಗಿಸಿದರು.

"ಸುಮವ್ವಾ?"

ಗಾದಿ ಚಾಚಾ. ಹೆಸರು ಹುಸೇನಸಾಬ. ಅರಳೆ ಹಿಂಜಿ ಗಾದಿ ಹೊಲಿಯುವುದು ಅವರ ಕಸುಬು. ನಮ್ಮ ತವರಿನ ಗಾದಿ, ತಲೆದಿಂಬು, ನನ್ನ ಮದುವೆಯಲ್ಲಿ ಕೊಟ್ಟ ಹಾಸಿಗೆ ಎಲ್ಲ ಅವರ ಕೈಯವು. ನನ್ನನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಈಗ ಎರಡೇ ಎರಡು ಶಬ್ದಕ್ಕೆ ಗುರುತು ಹಿಡಿದರು.

ಬಲಗಣ್ಣು ಪೂರ್ತಿ ಹೋಗಿದೆಯಂತೆ. ಎಡಗಣ್ಣಿನಲ್ಲಿ ನಡುವೆ ಒಂದು ಕಿಂಡಿಯಷ್ಟು ಕಾಣುತ್ತದಂತೆ. ಕಣ್ಣೊಳಗೆ ಪ್ರೆಶರ್ ಏರಿ ನರ ಒಣಗುವ ರೋಗ. ಚಾಚಾ ಅದನ್ನು ಕಾಲಾ ಮೋತಿಯಾ ಅನ್ನುತ್ತಾರೆ. ಆ ಕಿಂಡಿಯಲ್ಲೇ ನೋಡಿ ದಬ್ಬಣಕ್ಕೆ ದಾರ ಪೋಣಿಸುತ್ತಾರೆ, ಮನೆಯಿಂದ ದವಾಖಾನೆಗೆ ಒಬ್ಬರೇ ನಡೆದು ಬರುತ್ತಾರೆ. ಅದೊಂದು ಉಳಿದರೆ ಸಾಕು ಅಂದರು. ಅದನ್ನು ಉಳಿಸಲು ದಿನಾ ಹಾಕುವ ಒಂದು ಔಷಧಿ ಇದೆ. ತಿಂಗಳಿಗೊಮ್ಮೆ ಪ್ರೆಶರ್ ನೋಡಿ ಡಾಕ್ಟರು ಹೊಸ ಬಾಟಲಿ ಬರೆದುಕೊಡಬೇಕು.

ಅಷ್ಟರಲ್ಲಿ ಗೋಡೆಯಿಂದ ನಾನು ಶುರುವಾದೆ. ಸರದಿ ಸಂಖ್ಯೆ ಹದಿನೇಳು, ದಯವಿಟ್ಟು, ತೆರಳಿರಿ. ಎಷ್ಟು ಸ್ಪಷ್ಟ, ಎಷ್ಟು ಗಂಭೀರ. ಚಾಚಾ ಈಗ ಗುರುತು ಹಿಡಿಯುತ್ತಾರೆ, ಈಗ ಏನಾದರೂ ಅನ್ನುತ್ತಾರೆ ಅಂತ ಕಾದೆ. ಏನೂ ಇಲ್ಲ. ನಾಚಿಕೆ ಬಿಟ್ಟು ನಾನೇ ಕೇಳಿದೆ, ಈ ದನಿ ಹೆಂಗೈತ್ರಿ ಚಾಚಾ ಅಂತ.

"ಚೊಲೋ ಐತಿ. ರೇಡಿಯೋದಾಗ ಬಂದಂಗ ಬರತೈತಿ. ಆದ್ರ ಈ ಸಲ ಊರಾಗ ಭಾಳ ಮಂದಿಗೆ ಸರ್ದಿ ಆಗೈತಿ ನೋಡು."

ಚಾಚಾ ಮೊದಲಿನಿಂದ ಚೇಷ್ಟೆಯ ಮನುಷ್ಯ. ನಾನು ನಕ್ಕೆ. ಅವರು ನಗಲಿಲ್ಲ. ಬೀಬಿಜಾನ್ ಚಾಚಿಯ ಮೊಣಕಾಲು ನೋವಿನ ಸುದ್ದಿ ತೆಗೆದರು. ಹದಿನೆಂಟು ಹೋಯಿತು. ಹತ್ತೊಂಬತ್ತನ್ನು ಮೂರು ಸಲ ಕರೆಯಿತು. ಯಾರೂ ಏಳಲಿಲ್ಲ. ಇಪ್ಪತ್ತು ಅಂದಿತು. ಒಬ್ಬ ಹೆಣ್ಣುಮಗಳು ಬೋರ್ಡ್ ನೋಡಿ ಎದ್ದು ಹೋದಳು.

ನಿಮ್ಮದು ಎಷ್ಟನೇದು ಅಂತ ಸುಮ್ಮನೆ ಕೇಳಿದೆ. ಚಾಚಾ ಮುಷ್ಟಿ ಬಿಚ್ಚಿದರು. ಬೆವರಿಗೆ ಒದ್ದೆಯಾದ ಚೀಟಿ. ಹತ್ತೊಂಬತ್ತು.

ಅದು ಈಗಷ್ಟೇ ಹೋಯಿತಲ್ಲ ಅಂದೆ. ಚಾಚಾ ಗಾಬರಿಯಾಗಲಿಲ್ಲ. ತಿಳಿಯದ ಹುಡುಗಿಗೆ ತಿಳಿಸಿ ಹೇಳುವವರ ಹಾಗೆ ನಿಧಾನವಾಗಿ ಹೇಳಿದರು.

"ಹೋಗಿದ್ದು ಸರ್ದಿದು, ಸುಮವ್ವಾ. ಸರ್ದಿ ಹತ್ತೊಂಬತ್ತು. ನಂದು ಕಣ್ಣಿನ ಹತ್ತೊಂಬತ್ತು. ಅದನ್ನ ಇನ್ನ ಕರೀಬೇಕು."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಸರ್ದಿ. ನೆಗಡಿ. ಅವರ ಮನೆಯ ಉರ್ದುವಿನಲ್ಲೂ ಸರ್ದಿ, ಬಾಜು ಮನೆಯ ಮರಾಠಿಯಲ್ಲೂ ಸರ್ದಿ, ನಮ್ಮ ತವರಿನ ಕನ್ನಡದಲ್ಲೂ ಮೂಗು ಸೋರಿದರೆ ಸರ್ದಿ. ಈ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲಿಲ್ಲ. ನಾನು ಒಂದೇ ಸಾಲನ್ನು ಕರೆಯುತ್ತಿದ್ದೆ. ಚಾಚಾನ ಕಿವಿಯಲ್ಲಿ ಅದು ಎರಡಾಗಿತ್ತು. ಸರ್ದಿಯವರ ಸಾಲು ಓಡುತ್ತಿತ್ತು. ಕಣ್ಣಿನವರ ಸಾಲನ್ನು ಯಾರೂ ಕರೆಯುತ್ತಲೇ ಇರಲಿಲ್ಲ.

ಉಳಿದವರು ಯಾಕೆ ಹೇಳಲಿಲ್ಲ ಅನ್ನುತ್ತೀರಾ? ಕಣ್ಣಿದ್ದವರು ಬೋರ್ಡ್ ನೋಡುತ್ತಾರೆ. ಸ್ಪೀಕರ್ ಏನು ಹೇಳುತ್ತದೆ ಅಂತ ಅವರು ಕೇಳುವುದೇ ಇಲ್ಲ. ಅದನ್ನು ಕಿವಿಗೊಟ್ಟು ಕೇಳುವವರು ಬೋರ್ಡ್ ಕಾಣದವರು ಮಾತ್ರ. ಅವರನ್ನು ಬಿಟ್ಟು ಇನ್ನೆಲ್ಲರಿಗೂ ಆ ಮಷಿನ್ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹಾಗಾಗಿ ದೂರೇ ಬಂದಿರಲಿಲ್ಲ.

ಚಾಚಾನ ಕೈ ಹಿಡಿದುಕೊಂಡು ಒಳಗೆ ನುಗ್ಗಿದೆ. ಡಾಕ್ಟರಮ್ಮ ಕಾಗದ ತೆಗೆದು ನೋಡಿದರು. ಮೂರು ತಿಂಗಳ ಹಿಂದೆ ಬಂದದ್ದು ಬರೆದಿತ್ತು. ಮೊಣಕಾಲು ಹಿಡಿಯುವವರೆಗೆ ಚಾಚಿ ಜೊತೆಗೆ ಬರುತ್ತಿದ್ದರು, ಅವರೇ ಬೋರ್ಡ್ ನೋಡಿ ಒಳಗೆ ಕರೆತರುತ್ತಿದ್ದರು. ಆಮೇಲಿನ ಎರಡು ಮಂಗಳವಾರಗಳ ಮುಂದೆ ಕರೆದರೂ ಬಂದಿಲ್ಲ, ಕರೆದರೂ ಬಂದಿಲ್ಲ. ಯಾಕೆ ಬರಲಿಲ್ಲ, ಔಷಧಿ ಯಾವಾಗ ಮುಗಿಯಿತು ಅಂತ ಡಾಕ್ಟರಮ್ಮ ಸ್ವಲ್ಪ ಜೋರಾಗಿಯೇ ಕೇಳಿದರು.

"ಎರಡೂ ಸಲ ಬಂದು ಕುಂತಿದ್ದೆನ್ರಿ. ಮಂದಿ ಭಾಳ ಇತ್ತು. ನಮ್ಮ ಪಾಳಿ ಬರಲಿಲ್ಲ."

ಎದ್ದು ಕೇಳಬಾರದಿತ್ತೇ? ನಾನೂ ಅದನ್ನೇ ಕೇಳಿದೆ. ಪಾಳಿ ಹಚ್ಚಿ ಕುಳಿತ ಮೇಲೆ ನಡುವೆ ಎದ್ದು ನಂದು ಯಾವಾಗ, ನಂದು ಯಾವಾಗ ಅನ್ನುವುದು ಚೊಲೋ ಅಲ್ಲ, ಎಲ್ಲರಿಗೂ ಬ್ಯಾನಿ ಇದ್ದೇ ಇರುತ್ತದೆ ಅಂದರು. ಮಧ್ಯಾಹ್ನ ಕಸ ಹೊಡೆಯುವವರು ಬಂದು ಡಾಕ್ಟರು ಹೋದರು, ಮುಂದಿನ ತಿಂಗಳು ಬಾ ಅಂದಾಗ ಎದ್ದು ಹೋಗಿದ್ದರು. ಎರಡು ಸಲ. ಔಷಧಿ ಇಲ್ಲದೆ ಎರಡು ತಿಂಗಳು.

ಡಾಕ್ಟರಮ್ಮ ತುಂಬ ಹೊತ್ತು ನೋಡಿದರು. ಒಂದು ಯಂತ್ರಕ್ಕೆ ಗಲ್ಲ ಊರಿಸಿ ಕೂಡಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಹೇಳಿರಿ ಅಂದರು. ಚಾಚಾ ಬಹಳ ಕಡೆ ಸುಮ್ಮನೇ ಇದ್ದರು. ಸುಮ್ಮನಿದ್ದಷ್ಟು ಹೊತ್ತೂ ಅಲ್ಲಿ ಚುಕ್ಕೆಗಳು ಬಂದು ಹೋಗುತ್ತಿದ್ದವು. ನನಗೆ ಕಾಣುತ್ತಿದ್ದವು.

ಕಿಂಡಿ ಸಣ್ಣದಾಗಿದೆ. ಈ ರೋಗದಲ್ಲಿ ಹೋದದ್ದು ಹೋದದ್ದೇ, ಇದ್ದದ್ದನ್ನು ಉಳಿಸೋಣ ಅಂದರು. ಔಷಧಿ ಬಿಡದಿದ್ದರೆ ಉಳಿಯುತ್ತಿತ್ತೇ ಅಂತ ನಾನು ಚಾಚಾನನ್ನು ಹೊರಗೆ ಕೂಡಿಸಿ ಬಂದು ಕೇಳಿದೆ. ಅವರು ಔಷಧಿಯ ಚೀಟಿ ನನ್ನ ಕೈಗಿತ್ತರು. ಔಷಧಿ ಇದ್ದದ್ದೇ ಅದಕ್ಕಲ್ಲವೇ ಅಂದರು.

ಸಂಜೆಯ ಬಸ್ಸಿನಲ್ಲಿ ಕುಳಿತು ಸ್ಮಿತಾಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.  ನಾಳೇನೇ ರೆಕಾರ್ಡ್ ಮಾಡೋಣವೇ ಆಂಟಿ ಅಂತ ಕೇಳಿದಳು. ನಾನು ಅವತ್ತೇ ಹೇಳಿದ್ದೆ ಅಂತ ಅವಳು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಮ್ಮಲ್ಲಿ ಇದು ಎಲ್ಲ ಕಡೆ ಇದೆ. ಮೊನ್ನೆ ಒಂದು ಅಂಗಡಿ ಸಂಕೀರ್ಣದ ಲಿಫ್ಟಿನಲ್ಲಿ ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ ಏನೋ ಹೇಳಿತು. ಜೊತೆಗಿದ್ದ ಅಜ್ಜಿ ಕೈಮುಗಿದು "ಹೂನ್ರೆವ್ವಾ, ಆರಾಮ ಅದೀನಿ" ಅಂದರು. ಲಿಫ್ಟಿನಲ್ಲಿದ್ದವರೆಲ್ಲ ನಕ್ಕೆವು. ನಗಬೇಕಾದದ್ದು ಅಜ್ಜಿಯನ್ನು ನೋಡಿಯೋ, ಆ ದನಿಯನ್ನು ಅಲ್ಲಿಟ್ಟವರನ್ನು ನೋಡಿಯೋ? ಇಳಿಜಾರು ದಾರಿ ಮಾಡುತ್ತೇವೆ, ಗಾಲಿಕುರ್ಚಿಯವರನ್ನು ಅದರ ಮೇಲೆ ಒಮ್ಮೆ ಹತ್ತಿಸಿ ನೋಡುವುದಿಲ್ಲ. ದೊಡ್ಡ ಅಕ್ಷರ ಬರೆಯುತ್ತೇವೆ, ಬರೆದದ್ದು ಯಾರಿಗೆ ತಿಳಿಯುತ್ತದೆ ಅಂತ ಕೇಳುವುದಿಲ್ಲ. ಕೆಟ್ಟ ಮನಸ್ಸಿನಿಂದ ಯಾರೂ ಮಾಡುವುದಿಲ್ಲ. ನಾನೂ ಒಳ್ಳೆಯ ಮನಸ್ಸಿನಿಂದಲೇ ಓದಿದ್ದು. ಅದರಿಂದ ಚಾಚಾನಿಗೆ ಆದದ್ದೇನು?

ಅದೇ ವಾರದ ಗುರುವಾರ ಶಾಲೆಗೆ ರಜೆ ಹಾಕಿ ಸ್ಮಿತಾ ಜೊತೆ ಖಾನಾಪುರಕ್ಕೆ ಹೋದೆ. ಈ ಸಲ ಕೌದಿ ಇಲ್ಲ, ಫ್ಯಾನ್ ಬಂದ್ ಇಲ್ಲ. ಬೆಂಚಿನ ಮೇಲೆ ಕುಳಿತವರನ್ನು ಕೇಳಿ ಕೇಳಿ ಒಂದೊಂದು ಮಾತು ಇಟ್ಟೆವು. ಕೊಠಡಿಗೆ ಖೋಲಿ ಅನ್ರಿ ಅಂದರು. ತೆರಳಿರಿ ಅಂದರೆ ಮನಿಗೆ ಹೋಗ್ರಿ ಅಂದಂಗ ಆಗತೈತಿ ಅಂದರು ಒಬ್ಬರು. ದಯವಿಟ್ಟು ಯಾಕ್ರಿ, ನೀವೇನು ನಮ್ಮ ಕಡೆ ಬೇಡಾಕತ್ತೀರೇನು ಅಂದಳು ಇನ್ನೊಬ್ಬ ಮುದುಕಿ. ಪಾಳಿ ಅಂದಾಗ ಮರಾಠಿಯ ಹೆಣ್ಣುಮಕ್ಕಳು ನಗುತ್ತಾರೇನೋ ಅಂತ ಅವರ ಮುಖವನ್ನೇ ನೋಡಿದೆ. ಯಾರೂ ನಗಲಿಲ್ಲ. ಬೇರೆ ಏನನ್ನಬೇಕು ಅನ್ನುವ ಹಾಗೆ ನನ್ನನ್ನೇ ನೋಡಿದರು.

"ನಂಬರ್ ಹತ್ತೊಂಬತ್ತು. ನಿಮ್ಮ ಪಾಳಿ ಬಂತ್ರಿ. ಎರಡನೇ ಖೋಲಿಗೆ ಬರ್ರಿ, ಕಣ್ಣಿನ ಡಾಕ್ಟರ್ ಕಡೆ."

ಇಷ್ಟೇ. ಎಲ್ಲ ನಂಬರ್ ಸೇರಿ ಒಂದು ತಾಸೂ ಹಿಡಿಯಲಿಲ್ಲ. ಮಾರುತಿ ಔಷಧಿಯ ಕಿಟಕಿಯಿಂದ ಇಣುಕಿ, ಅಕ್ಕಾರ, ಇದನ್ನ ನಾ ದಿನಾ ಒದರತಿದ್ದೆ, ನನ್ನ ಕೇಳಿದ್ರ ಬರಕೊಡತಿದ್ದೆ ಅಂದ. ಮನೆಗೆ ಬಂದರೆ ಶಾಂತವ್ವನದು ಬೇರೆ. ಅವಳಿಗೆ ಎಲ್ಲ ಹೇಳಿದ್ದು ನನ್ನ ತಪ್ಪು.

"ನಾ ಅಂದಾಗ ಕನ್ನಡ ಕೆಡತಿತ್ತು. ಈಗ ಕೆಡಲಿಲ್ಲೇನ್ರಿ ಬಾಯಾರ?"

 ಚಹಾ ಸೋಸಿ ಕೊಟ್ಟೆ.

ಮೊನ್ನೆ, ಈ ತಿಂಗಳ ಮೊದಲ ಮಂಗಳವಾರ, ಮತ್ತೆ ಹೋಗಿದ್ದೆ. ಈ ಸಲ ನೆಪವಿಲ್ಲ. ಚಾಚಾನ ಪಕ್ಕದಲ್ಲಿ ಕೂರಬೇಕಿತ್ತು. ಅವರ ಮನೆಗೇ ಹೋಗಿ ಕರೆದುಕೊಂಡು ಬಂದೆ. ಅಂಗಳದಲ್ಲಿ ಅರ್ಧ ಹೊಲಿದ ಗಾದಿ ಇತ್ತು. ದಬ್ಬಣಗಳಿಗೆಲ್ಲ ಚಾಚಿಯೇ ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟಿದ್ದರು.  ದಾರಿಯಲ್ಲಿ ಚಾಚಾ ನನ್ನ ಮೊಣಕೈ ಹಿಡಿದಿದ್ದರು. ನಿಂತಿದ್ದ ಸೈಕಲ್ಲಿಗೆ ಒಮ್ಮೆ, ಬೆಂಚಿನ ಮೂಲೆಗೆ ಒಮ್ಮೆ ತಾಗಿದರು. ಎರಡೂ ಸಲ ಕ್ಷಮೆ ಕೇಳಿದವರು ಅವರೇ.

ಈ ಸಲ ಚಾಚಾನ ನಂಬರ್ ಹನ್ನೊಂದು. ಕರೆದ ಕೂಡಲೇ ನನ್ನ ಕೈ ಬಿಡಿಸಿಕೊಂಡು ಎದ್ದು ನಿಂತರು. ನಾನು ಹೇಳಬೇಕಾಗಲಿಲ್ಲ. ಒಳಗೆ ಪ್ರೆಶರ್ ಇಳಿದಿದೆ ಅಂದರು ಡಾಕ್ಟರಮ್ಮ. ಉಳಿದದ್ದು ಉಳಿದ ಹಾಗೇ ಇದೆ. 

ಹೊರಗೆ ಬಂದು ಔಷಧಿಗಾಗಿ ಕುಳಿತೆವು. ಸ್ಪೀಕರ್ ಹನ್ನೆರಡನ್ನು ಕರೆಯಿತು. ಚಾಚಾ ಕಿವಿಗೊಟ್ಟು ಕೇಳಿದರು. ಮುಖ ಅರಳಿತು.

"ಸುಮವ್ವಾ, ಇದು ನೀನಲ್ಲೇನು? ಆ ಸರ್ದಿ ಸರ್ದಿ ಅನ್ನೋ ಬಾಯಾರನ್ನ ತಗದು ನಿನ್ನ ಹಾಕ್ಯಾರಲ್ಲ. ಚೊಲೋ ಆತು."

ಹೌದು ಚಾಚಾ ಅಂದು ಸುಮ್ಮನಾಗಬಹುದಿತ್ತು. ಒಂದು ಗಳಿಗೆ ಹಾಗೇ ಅನಿಸಿತು. ಆದರೂ ಹೇಳಿದೆ. ಅದೂ ನಾನೇ. ಎಂಟು ತಿಂಗಳು ನಿಮ್ಮ ತಲೆಯ ಮೇಲೆ ಒದರಿದವಳು ನಾನೇ. ಆ ಮಾತನ್ನು ಆರಿಸಿದವಳೂ ನಾನೇ, ಬೇಡ ಅಂದವರ ಬಾಯಿ ಮುಚ್ಚಿಸಿದವಳೂ ನಾನೇ. ನಿಮ್ಮ ಎರಡು ತಿಂಗಳು ಹೋದದ್ದು ನನ್ನಿಂದ.

ಚಾಚಾ ನನ್ನ ದನಿ ಬಂದ ಕಡೆ ಮುಖ ಮಾಡಿದರು. ಬೈಯಲಿ ಅಂತ ಕಾದೆ. ಹುಡುಗಿ ಯಾರದೋ ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುತ್ತಿದೆ ಅನ್ನುವ ಹಾಗೆ ತಲೆ ಅಲ್ಲಾಡಿಸಿದರು.

"ಸುಳ್ಳ ಹೇಳಬ್ಯಾಡ ಸುಮವ್ವಾ. ಅದು ನೀ ಆಗಿದ್ರ ನನಗ ತಿಳೀತಿತ್ತಲ್ಲ?"